ದೇವಸ್ಥಾನಕ್ಕೆಂದು ಹೊರಟ ಚಂದ್ರಮತಿ

ಟ್ರಿಪ್ಲಿಕೇನಿನ ಆ ಓಣಿಯ ಮನೆಗೆ ಊರಿನಿಂದ ನೆಂಟರು ಬಾರದ ತಿಂಗಳೇ ಇರಲಿಲ್ಲ. ಉಡುಪಿ ಕಡೆಯಿಂದ ಯಾರೇ ಮದರಾಸಿಗೆ ಬರಲಿ, ರಾಮೇಶ್ವರಕ್ಕೆ ಹೊರಟವರಾಗಲಿ, ತಿರುಪತಿಯಲ್ಲಿ ತಲೆ ಬೋಳಿಸಿಕೊಂಡು ಬಂದವರಾಗಲಿ, ಅವರ ಜೇಬಿನಲ್ಲಿ ವಿಷ್ಣುಮೂರ್ತಿಯ ವಿಳಾಸ ಬರೆದ ಚೀಟಿ ಇದ್ದೇ ಇರುತ್ತಿತ್ತು. ವಿಷ್ಣುಮೂರ್ತಿ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ವಿಳಾಸ ಅವನದು; ಅಡುಗೆ, ಹಾಸಿಗೆ, ಬಿಸಿನೀರು ಎಲ್ಲ ಅವನ ಹೆಂಡತಿ ಚಂದ್ರಮತಿಯದು.

ಬಂದ ಗಂಡಸರು ವಿಷ್ಣುಮೂರ್ತಿಯ ಜೊತೆ ರಾತ್ರಿ ಊಟ ಮುಗಿಸಿ, ಎಲೆಯಡಿಕೆಯ ಕವಳ ಹಾಕಿಕೊಂಡು, "ಹೀಗೇ ಒಂದು ರೌಂಡು ಹೋಗಿ ಬರ್ತೇವೆ" ಎಂದು ಮೆಟ್ಟಿಲಿಳಿದರೆ ಹನ್ನೊಂದರ ಮೊದಲು ಮರಳುತ್ತಿರಲಿಲ್ಲ. ಜೊತೆಗೆ ಬಂದ ಹೆಂಗಸರು ಎಂಜಲು ಎಲೆ ತೆಗೆದು, ನೆಲ ಸಾರಿಸಿ, ಸೊಳ್ಳೆ ಹೊಡೆಯುತ್ತ ಕೂತಿರುತ್ತಿದ್ದರು. ಮರುದಿನ ಬೆಳಿಗ್ಗೆ ಗಂಡಸರು ಕಾಫಿ ಹೀರುತ್ತ ಮೌಂಟ್ ರೋಡಿನ ಬಣ್ಣದ ದೀಪಗಳನ್ನು ವರ್ಣಿಸುವುದು, ಹೆಂಗಸರು ದೋಸೆ ಎರೆಯುತ್ತ ಅದನ್ನು ಕೇಳುವುದು. ಮದುವೆಯಾಗಿ ಬಂದ ಲಾಗಾಯ್ತು ಚಂದ್ರಮತಿ ಇದನ್ನೇ ಕೇಳುತ್ತ ಬಂದಿದ್ದಳು. ಮದರಾಸಿನಲ್ಲೇ ಇದ್ದ ಅವಳಿಗೂ ಮದರಾಸಿನ ರಾತ್ರಿ ಬರೀ ಬಾಯಿಮಾತಿನಲ್ಲೇ ಗೊತ್ತಿದ್ದದ್ದು.

ಐವತ್ತೆರಡನೆಯ ಇಸವಿಯಲ್ಲಿ ನಾದಿನಿ ತುಂಗಾ ಬಂದಾಗ ಚಂದ್ರಮತಿ ಮೊದಲ ಸಲ ರಾತ್ರಿ ಹೊತ್ತು ಹೊಸ್ತಿಲು ದಾಟಿದಳು. "ಪಾರ್ಥಸಾರಥಿ ದೇವಸ್ಥಾನಕ್ಕೆ ಹೋಗಿ ಬರ್ತೇವೆ" ಎಂದಳು. ದೇವಸ್ಥಾನ ಎಂದ ಮೇಲೆ ವಿಷ್ಣುಮೂರ್ತಿ ಪೇಪರಿನಿಂದ ತಲೆ ಎತ್ತಲೂ ಇಲ್ಲ. ಅವರು ನಿಜವಾಗಿ ಹೊರಟದ್ದೂ ದೇವಸ್ಥಾನಕ್ಕೇ. ಆದರೆ ಬೀದಿಯ ತುದಿಯಲ್ಲಿ ದೀಪ ಉರಿಸಿಕೊಂಡು ಒಂದು ಟ್ರಾಮು ಖಾಲಿಯಾಗಿ ನಿಂತಿತ್ತು. ತುಂಗಾ ಅದನ್ನು ನೋಡಿದಳು. ಚಂದ್ರಮತಿ ತುಂಗಾಳನ್ನು ನೋಡಿದಳು. ಇಬ್ಬರೂ ಪ್ಯಾರೀಸ್ ಕಾರ್ನರಿನವರೆಗೆ ಹೋಗಿ, ಕೆಳಗೆ ಇಳಿಯದೆ ಅದೇ ಟ್ರಾಮಿನಲ್ಲಿ ವಾಪಸು ಬಂದರು. ದಾರಿಯಲ್ಲಿ ಹೈಕೋರ್ಟಿನ ಗೋಪುರದ ಮೇಲಿನ ದೀಪಸ್ತಂಭದಿಂದ ಬೆಳಕಿನ ಕೋಲೊಂದು ಊರಿನ ತಲೆಯ ಮೇಲೆ ಸುತ್ತು ಹಾಕುತ್ತಿತ್ತು. ಮನೆಗೆ ಬಂದಾಗ ವಿಷ್ಣುಮೂರ್ತಿ, "ರಶ್ಶಿತ್ತಾ?" ಎಂದ.

"ಏನೂ ಇಲ್ಲ. ಆರಾಮದಲ್ಲಿ ಕೂತು ನೋಡಿದೆವು" ಎಂದಳು ಚಂದ್ರಮತಿ. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆಮೇಲೆ ಅದು ಪದ್ಧತಿಯಾಯಿತು. ಊರಿನ ಯಾವ ಹೆಂಗಸು ಬಂದರೂ ಎರಡನೆಯ ದಿನ ಸಂಜೆ ಚಂದ್ರಮತಿಗೆ ಭಕ್ತಿ ಉಕ್ಕಿ ಬರುತ್ತಿತ್ತು. ಮರೀನಾದ ಮರಳಿನಲ್ಲಿ ಬೇಯಿಸಿದ ಕಡಲೆಯ ಸುಂಡಲ್ ತಿನ್ನುವುದಕ್ಕೆ ಪಾರ್ಥಸಾರಥಿ. ಮೈಲಾಪುರದ ಸಂಗೀತ ಸಭಾಗಳ ಹೊರಗೆ ನಿಂತು ಜರಿ ಸೀರೆಗಳನ್ನು ಲೆಕ್ಕ ಹಾಕುವುದಕ್ಕೆ ಕಪಾಲೀಶ್ವರ. ಸಿನಿಮಾ ಸ್ಟುಡಿಯೋಗಳ ಗೇಟಿನಲ್ಲಿ ಕಾಯುವುದಕ್ಕೆ ವಡಪಳನಿಯ ಮುರುಗ. ಅಲ್ಲಿ ಒಂದು ರಾತ್ರಿ ಕಿರೀಟ, ಗದೆ ಸಮೇತ ರಾಕ್ಷಸನೊಬ್ಬ ಚಹದ ಅಂಗಡಿಯ ಮುಂದೆ ಬೀಡಿಗೆ ಬೆಂಕಿ ಕೇಳುತ್ತಿದ್ದುದನ್ನು ಕಂಡು ಬ್ರಹ್ಮಾವರದ ಶಾರದಮ್ಮ ನಕ್ಕ ನಗುವಿಗೆ ಎರಡು ದಿನ ಪಕ್ಕೆ ನೋವಿತ್ತು. "ಅಭಿಷೇಕಕ್ಕೆ ತುಂಬ ಹೊತ್ತು ನಿಂತದ್ದಲ್ವಾ, ಅದಕ್ಕೆ" ಎಂದು ಚಂದ್ರಮತಿ ಗಂಡನಿಗೆ ಸಮಜಾಯಿಷಿ ಕೊಟ್ಟಳು. ಅಡುಗೆಮನೆಯ ಒಂದು ಡಬ್ಬಿಯಲ್ಲಿ ಅವಳು ಎಲ್ಲ ದೇವಸ್ಥಾನಗಳ ಕುಂಕುಮ, ವಿಭೂತಿ ಸದಾ ದಾಸ್ತಾನು ಇಟ್ಟಿರುತ್ತಿದ್ದಳು. ಬಂದ ಕೂಡಲೆ ಗಂಡನ ಹಣೆಗೆ ಹಚ್ಚಿದರೆ ಆ ದಿನದ ಕೆಲಸ ಮುಗಿಯಿತು. ದೇವರಿಗೆ ಬೇಜಾರಾಗಬಾರದೆಂದು ಬಸ್ಸಿನ ಕಿಟಕಿಯಿಂದಲೇ ಗೋಪುರಕ್ಕೆ ಕೈಮುಗಿಯುತ್ತಿದ್ದಳು.

ಹೀಗೆ ಒಂಬತ್ತು ವರ್ಷ ನಡೆಯಿತು. ಅರವತ್ತೊಂದರ ಕೊನೆಯಲ್ಲಿ ಜಾನಕಮ್ಮ ಬಂದರು.

ಜಾನಕಮ್ಮ ವಿಷ್ಣುಮೂರ್ತಿಯ ಸೋದರತ್ತೆ. ತಾಯಿಯಿಲ್ಲದ ಅವನನ್ನು ಹೊಡೆದು ಬಡಿದು ಸಾಕಿದವರು. ಹದಿನೇಳಕ್ಕೇ ವಿಧವೆಯಾಗಿ, ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಐವತ್ತು ವರ್ಷ ಮಡಿಯಲ್ಲೇ ಬದುಕಿದ ಹೆಂಗಸು. ಅವರು ಬಾವಿಕಟ್ಟೆಗೆ ಬಂದರೆ ಮಕ್ಕಳು ಮಾವಿನ ಮರದಿಂದ ತಾವಾಗಿ ಇಳಿಯುತ್ತಿದ್ದವು. ಕಣ್ಣಿನ ಪೊರೆ ತೆಗೆಸಲು ಎಗ್ಮೋರಿನ ಕಣ್ಣಾಸ್ಪತ್ರೆಗೆ ಬಂದಿದ್ದರು. ಆಪರೇಷನ್ ಆಗಿ, ಕತ್ತಲ ಕೋಣೆಯ ವಾಸ ಮುಗಿದು, ಡಿಸೆಂಬರಿನಲ್ಲಿ ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅವರು ಮೊದಲು ನೋಡಿದ್ದು ಚಂದ್ರಮತಿಯ ಅಡುಗೆಮನೆಯ ಮೂಲೆಯನ್ನು.

"ಜೇಡರ ಬಲೆ ಉಂಟು" ಎಂದರು.

ಚಂದ್ರಮತಿ ಆ ವರ್ಷದ ತಿರುಗಾಟಕ್ಕೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟಳು. ಆದರೆ ಮರುದಿನ ಸಂಜೆ ಜಾನಕಮ್ಮ ತಾವಾಗಿಯೇ, "ಕಣ್ಣು ಬಂದ ಮೇಲೆ ಒಂದು ದೇವಸ್ಥಾನ ನೋಡ್ಬೇಕಲ್ಲ, ಮಾರಾಯ್ತಿ" ಎಂದರು. ವಿಷ್ಣುಮೂರ್ತಿ ಬೆಳಿಗ್ಗೆಯೇ ಹೇಳಿದ್ದ, ವರ್ಷದ ಕೊನೆ, ಓವರ್‌ಟೈಮ್ ಇದೆ, ತಡವಾಗುತ್ತದೆ ಎಂದು. ಚಂದ್ರಮತಿ ಅತ್ತೆಯನ್ನು ಕರೆದುಕೊಂಡು ಹೊರಟಳು. ಈ ಸಲ ಯಾವ ಮೋಸವೂ ಇಲ್ಲ, ಮೈಲಾಪುರಕ್ಕೆ ನೆಟ್ಟಗೆ ಹೋಗಿ ನೆಟ್ಟಗೆ ಬರುವುದು ಎಂದು ತನಗೆ ತಾನೇ ಆಣೆ ಇಟ್ಟುಕೊಂಡಿದ್ದಳು. ಬಸ್‌ಸ್ಟಾಪಿಗೆ ಬಂದು ನಿಂತಾಗ ಕತ್ತಲಾಗಿತ್ತು. ಜಾನಕಮ್ಮ ಮೌಂಟ್ ರೋಡಿನ ಕಡೆಗೆ ಮುಖ ಮಾಡಿ, ಕನ್ನಡಕ ಸರಿಪಡಿಸಿಕೊಂಡು, ಆಕಾಶ ನೋಡಿದರು.

"ಅದೆಂತದು, ಅಷ್ಟೆತ್ತರ ದೀಪ ಹಚ್ಚಿಟ್ಟದ್ದು?"

"ಎಲ್‌ಐಸಿ ಕಟ್ಟಡ, ಅತ್ತೆ. ಹದಿನಾಲ್ಕು ಮಹಡಿ."

"ಹತ್ತಿರ ಹೋಗಿ ನೋಡ್ಲಿಕ್ಕೆ ಬಿಡ್ತಾರಾ?"

"ದೇವಸ್ಥಾನ ಆ ಕಡೆ ಅಲ್ಲ, ಅತ್ತೆ."

"ದೇವರು ಸಾವಿರ ವರ್ಷದಿಂದ ಅಲ್ಲೇ ಇದ್ದಾನೆ, ಎಲ್ಲಿಗೂ ಹೋಗುದಿಲ್ಲ. ನನ್ನ ಕಣ್ಣು ಮಾತ್ರ ಎಷ್ಟು ದಿನವೋ ಗೊತ್ತಿಲ್ಲ" ಎಂದು ಜಾನಕಮ್ಮ ನಡೆದೇಬಿಟ್ಟರು.

ಕಟ್ಟಡದ ಕೆಳಗೆ ನಿಂತು ಹದಿನಾಲ್ಕು ಮಹಡಿಯನ್ನೂ ಬೆರಳಿಟ್ಟು ಎಣಿಸಿದರು. ಹನ್ನೆರಡರಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು. ಹತ್ತಿ ಆರಿ ಓಡುವ ಬಣ್ಣದ ಬೋರ್ಡುಗಳ ಮುಂದೆ ಒಂದೊಂದಕ್ಕೂ ನಿಂತರು. ಆಮೇಲೆ ದೂರದಲ್ಲಿ, ಸೆಂಟ್ರಲ್ ಸ್ಟೇಷನ್ನಿನ ದಿಕ್ಕಿನಲ್ಲಿ, ದೀಪದ ಚಕ್ರವೊಂದು ಗಾಳಿಯಲ್ಲಿ ತಿರುಗುವುದನ್ನು ತೋರಿಸಿ ಅದೇನೆಂದು ಕೇಳಿದರು.

"ಎಕ್ಸಿಬಿಷನ್. ಅದು ಜಯಂಟ್ ವೀಲು. ತೊಟ್ಟಿಲಲ್ಲಿ ಕೂರಿಸಿ ತಿರುಗಿಸ್ತಾರೆ" ಎಂದವಳು, ಹೇಳಿದ್ದು ತಪ್ಪಾಯಿತೆಂದು ನಾಲಿಗೆ ಕಚ್ಚಿಕೊಂಡಳು.

ಅರ್ಧ ಗಂಟೆಯಲ್ಲಿ ಇಬ್ಬರೂ ಆ ಮೈದಾನದಲ್ಲಿದ್ದರು. ವೀಲಿನವನು ಕೆಂಪು ಸೀರೆಯ ಮುದುಕಿಯನ್ನು ಕಂಡು ಗಾಬರಿಯಾದ. "ಪಾಟೀ, ತಲೆ ಸುತ್ತುಂ, ವೇಂಡಾಂ" ಎಂದು ಕೈಯಾಡಿಸಿದ.

"ಎಂತ ಹೇಳ್ತಾನೆ ಅವ?"

"ತಲೆ ತಿರುಗ್ತದಂತೆ, ಬೇಡವಂತೆ."

"ಐವತ್ತು ವರ್ಷ ರುಬ್ಬುವ ಕಲ್ಲು ತಿರುಗಿಸಿದ್ದೇನೆ ಅಂತ ಹೇಳು ಅವನಿಗೆ."

ಚಂದ್ರಮತಿ ಅದನ್ನು ತಮಿಳಿನಲ್ಲಿ ಹೇಳುವಷ್ಟರಲ್ಲಿ ಜಾನಕಮ್ಮ ತೊಟ್ಟಿಲಿನೊಳಗೆ ಕೂತು ಸೆರಗು ಬಿಗಿ ಮಾಡಿಕೊಳ್ಳುತ್ತಿದ್ದರು. ಒಂದು ಸುತ್ತಾಯಿತು, ಎರಡಾಯಿತು. ಮೂರನೆಯದರಲ್ಲಿ ಅವರ ತೊಟ್ಟಿಲು ನೆತ್ತಿಗೆ ಬಂದಾಗ ಕೆಳಗೆ ಎಂಜಿನ್ನಿನ ಬೆಲ್ಟು ಪಟ್ಟೆಂದು ಕಳಚಿತು. ಚಕ್ರ ಒಮ್ಮೆ ತೊನೆದು ನಿಂತುಬಿಟ್ಟಿತು.

ಚಂದ್ರಮತಿ ಕಣ್ಣು ಮುಚ್ಚಿದಳು. ಒಂಬತ್ತು ವರ್ಷದಿಂದ ತಾನು ಹೆಸರು ಮಾತ್ರ ಬಳಸಿಕೊಂಡ ದೇವರೆಲ್ಲ ಸಾಲಾಗಿ ನೆನಪಾದರು. ಪಾರ್ಥಸಾರಥಿ, ಕಪಾಲೀಶ್ವರ, ವಡಪಳನಿ ಮುರುಗ, ಒಬ್ಬೊಬ್ಬರಿಗೂ ಬೇರೆ ಬೇರೆ ಕ್ಷಮೆ ಕೇಳಿದಳು. ಪಕ್ಕದಲ್ಲಿ ಜಾನಕಮ್ಮ ಮಾತ್ರ ತವರುಮನೆಯ ಜಗಲಿಯಲ್ಲಿ ಕೂತವರಂತೆ ಕೂತಿದ್ದರು.

"ಕಣ್ಣು ಬಿಡು, ಮಾರಾಯ್ತಿ. ಅಕೋ, ಹಡಗು! ಹಡಗಿನಲ್ಲಿಯೂ ದೀಪ! ರೈಲು ನೋಡು, ಒಳ್ಳೆ ಮಿಂಚುಹುಳದ ಮೆರವಣಿಗೆ ಹಾಗೆ..." ಹೀಗೆ ಹೇಳುತ್ತ ಹೇಳುತ್ತ ಅವರ ದೃಷ್ಟಿ ಕೆಳಗೆ, ಅಂಗಡಿಗಳ ಸಾಲಿಗೆ ಇಳಿಯಿತು. ಕನ್ನಡಕವನ್ನು ಎರಡು ಕೈಯಲ್ಲೂ ಹಿಡಿದು ಬಗ್ಗಿದರು.

"ನಿನ್ನ ಗಂಡನಿಗೆ ಓವರ್‌ಟೈಮ್ ಅಂದೆಯಲ್ಲ?"

ಚಂದ್ರಮತಿ ಒಂದು ಕಣ್ಣು ಬಿಟ್ಟಳು. ಬಜ್ಜಿ ಅಂಗಡಿಯ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಆಫೀಸಿನ ಇಬ್ಬರು ಗೆಳೆಯರ ನಡುವೆ ವಿಷ್ಣುಮೂರ್ತಿ ನಿಂತಿದ್ದ. ಎಡಗೈಯಲ್ಲಿ ಎಲೆ ತುಂಬ ಮೆಣಸಿನಕಾಯಿ ಬಜ್ಜಿ. ಹೊಟ್ಟೆಯಲ್ಲಿ ಉರಿಯೆಂದು ಮೂರು ವರ್ಷದಿಂದ ಮನೆಯಲ್ಲಿ ಖಾರ ಮುಟ್ಟದ ಗಂಡ! ಅವನಿಗೋಸ್ಕರ ಅವಳು ದಿನಾ ಬೇರೆ ಸಾರು ಮಾಡುತ್ತಿದ್ದಳು.

ಅವಳು ಬೇಡವೆಂದು ಸೆರಗು ಜಗ್ಗುವ ಮೊದಲೇ ಜಾನಕಮ್ಮ ತೆಂಗಿನ ತೋಟದ ಆಚೆ ತುದಿಗೆ ಕೇಳುವ ತಮ್ಮ ಹಳೆಯ ದನಿಯನ್ನು ಹೊರಡಿಸಿದರು.

"ವಿಷ್ಣೂ! ಏ ವಿಷ್ಣೂ!"

ಕೆಳಗಿನ ಜನ ತಲೆ ಎತ್ತಿದರು. ಯಾರೋ ಮಡಿವಂತ ಮುದುಕಿ ಪ್ರಾಣಭಯದಿಂದ ಭಗವಂತನನ್ನು ಕೂಗುತ್ತಿದ್ದಾಳೆ! ಹೆಂಗಸೊಬ್ಬಳು, "ಅಯ್ಯೋ ಪಾವಂ, ಪೆರುಮಾಳೇ ಕಾಪ್ಪಾತ್ತು!" ಎಂದು ದೇವರಿಗೆ ಮೊರೆಯಿಟ್ಟು ಕೈಮುಗಿದಳು. ನಾಮ ಹಾಕಿದ ದೊಡ್ಡ ಹೊಟ್ಟೆಯವರೊಬ್ಬರು "ಗೋವಿಂದಾ!" ಎಂದರು. "ಗೋವಿಂದಾ, ಗೋವಿಂದ!" ಎಂದು ಮೈದಾನವೇ ದನಿಗೂಡಿಸಿತು. ಎಲ್ಲರ ಜೊತೆ ವಿಷ್ಣುಮೂರ್ತಿಯೂ ಮೇಲೆ ನೋಡಿದ. ಅಷ್ಟೆತ್ತರದಲ್ಲಿ ಅವನಿಗೆ ಮುಖ ಕಾಣಲಿಲ್ಲ. ಎಲೆಯನ್ನು ಗೆಳೆಯನ ಕೈಗೆ ಕೊಟ್ಟು, ಭಕ್ತಿಯಿಂದ ಕೈಜೋಡಿಸಿ, ಅವನೂ ಗೋವಿಂದಾ ಎಂದ.

"ಗೋವಿಂದನೂ ಬೇಡ, ಗೋಪಾಲನೂ ಬೇಡ! ಆ ಬಜ್ಜಿ ಕೆಳಗಿಡು! ನಾಳೆ ಬೆಳಿಗ್ಗೆ ಹೊಟ್ಟೆ ಹಿಡ್ಕೊಂಡು ಬಂದರೆ ಚರ್ಮ ಸುಲೀತೇನೆ!"

ಕನ್ನಡ ತಿಳಿಯದ ಜನ ಇದೂ ಸ್ತೋತ್ರವೆಂದೇ ಭಾವಿಸಿ ಮತ್ತೊಮ್ಮೆ ಗೋವಿಂದ ಹಾಕಿದರು. ವಿಷ್ಣುಮೂರ್ತಿಯ ಜೋಡಿಸಿದ ಕೈ ಹಾಗೇ ಉಳಿಯಿತು. ಏಳು ವರ್ಷದವನಿದ್ದಾಗ ಮರ ಹತ್ತಿ ಸಿಕ್ಕಿಬಿದ್ದಾಗ ಕೇಳಿದ್ದ ದನಿಯೇ ಅದು. ಓಡದೆ, ಚಕ್ರದ ಬುಡಕ್ಕೆ ಬಂದು ನಿಂತ.

ಬೆಲ್ಟು ಕೂಡಿಸಿ ಚಕ್ರ ಇಳಿಯುವಾಗ ಕಾಲು ಗಂಟೆಯಾಗಿತ್ತು. ಅಷ್ಟರಲ್ಲಿ ಗೆಳೆಯರಿಬ್ಬರೂ ಮಾಯವಾಗಿದ್ದರು, ಬಜ್ಜಿಯ ಸಮೇತ. ತೊಟ್ಟಿಲಿನ ಬಾಗಿಲಲ್ಲಿ ಗಂಡ ಹೆಂಡತಿ ಮುಖಾಮುಖಿಯಾದರು.

"ಓವರ್‌ಟೈಮ್ ಮುಗೀತಾ?" ಎಂದಳು ಚಂದ್ರಮತಿ.

"ಮಂಗಳಾರತಿ ಆಯ್ತಾ?" ಎಂದ ವಿಷ್ಣುಮೂರ್ತಿ.

ಒಂದು ಸುಳ್ಳನ್ನು ಕೆದಕಿದರೆ ಇನ್ನೊಂದು ಹೊರಬೀಳುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಜಾನಕಮ್ಮ ಕೆಳಗಿಳಿಯಲಿಲ್ಲ. ಕೂತಲ್ಲಿಂದಲೇ ಪಕ್ಕದ ಹಲಗೆ ತಟ್ಟಿದರು.

"ಜಗಳ ಮನೆಯಲ್ಲಿ ಮಾಡಿ. ವಿಷ್ಣು, ಹತ್ತು. ಬೆಲ್ಟು ತಪ್ಪಿದ್ದಕ್ಕೆ ಇವ ಒಂದು ಸುತ್ತು ಪುಕ್ಕಟೆ ಕೊಡ್ಲಿ."

ಮೂವರೂ ಹತ್ತಿದರು. ವಿಷ್ಣುಮೂರ್ತಿ ತೊಟ್ಟಿಲು ಮೇಲೇರುತ್ತಲೇ ಬಿಳಿಚಿಕೊಂಡು ಹೆಂಡತಿಯ ತೋಳು ಹಿಡಿದ. ಹನ್ನೆರಡು ವರ್ಷ ಮೌಂಟ್ ರೋಡು ವರ್ಣಿಸಿದ ಮನುಷ್ಯನಿಗೆ ಎತ್ತರವೆಂದರೆ ಜೀವ ಹೋಗುತ್ತದೆಂದು ಚಂದ್ರಮತಿಗೆ ಗೊತ್ತಾದದ್ದು ಅಂದೇ. ಅವಳು ತೋಳನ್ನು ಬಿಡಿಸಿಕೊಳ್ಳಲಿಲ್ಲ. ಬದಲಿಗೆ ಒಂದೊಂದೇ ದೀಪದ ಹೆಸರು ಹೇಳುತ್ತ ಹೋದಳು, ಅದು ಹಾರ್ಬರು, ಇದು ರಿಪ್ಪನ್ ಬಿಲ್ಡಿಂಗು, ಅಗೋ ಅಲ್ಲಿ ನಮ್ಮ ಟ್ರಿಪ್ಲಿಕೇನು ಎಂದು. ಕೆಳಗಿಳಿದ ಮೇಲೆ ಅವನು ತಗ್ಗಿದ ದನಿಯಲ್ಲಿ ಕೇಳಿದ:

"ನಿನಗೆ ಇಷ್ಟೆಲ್ಲ ಹೇಗೆ ಗೊತ್ತು?"

"ಭಕ್ತಿಯಿಂದ" ಎಂದಳು.

ಮರುದಿನದಿಂದ ಮನೆಯ ಸಾರಿಗೆ ಒಂದೇ ಪಾತ್ರೆಯಾಯಿತು. ಖಾರ ಎಲ್ಲರಿಗೂ ಸಮ. ವಿಷ್ಣುಮೂರ್ತಿ ಪ್ರಾಯಶ್ಚಿತ್ತವೆಂದು ಅತ್ತೆ, ಹೆಂಡತಿಯ ಶನಿವಾರದ ತಿರುಗಾಟಕ್ಕೆ ತಾನೂ ಹೊರಟ. ಆದರೆ ಅವನು ನಾಲ್ಕು ಮಾರು ಮುಂದೆ ನಡೆಯುತ್ತಿದ್ದ, ಪ್ರತಿ ಕಟ್ಟಡಕ್ಕೂ ಕಟ್ಟಿದ ವರ್ಷ ಹೇಳುತ್ತಿದ್ದ, ಒಂಬತ್ತೂವರೆಗೆ ಆಕಳಿಸುತ್ತಿದ್ದ. ಮೂರು ಶನಿವಾರ ಸಹಿಸಿದ ಜಾನಕಮ್ಮ, "ನಿನಗೆ ಆಫೀಸಿನಲ್ಲಿ ಓವರ್‌ಟೈಮ್ ಇಲ್ವಾ?" ಎಂದು ಕೇಳಿದರು. ಅವನಿಗೂ ಅದೇ ಬೇಕಿತ್ತು.

ಫೆಬ್ರುವರಿಯಲ್ಲಿ ಜಾನಕಮ್ಮ ಊರಿಗೆ ಹೋದರು. ಉಡುಪಿಯ ಮಠದ ಓಣಿಯಲ್ಲಿ ಅವರು ಏನು ಹೇಳಿದರೋ, ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಜಟಕಾಗಳೆರಡು ಓಣಿಯಲ್ಲಿ ನಿಂತವು. ಜಾನಕಮ್ಮನ ಹಿಂದೆ ಏಳು ಮಂದಿ ಕೆಂಪು ಸೀರೆಯ ವಿಧವೆಯರು ಒಬ್ಬೊಬ್ಬರಾಗಿ ಇಳಿದರು, ಮಡಿಯ ಗಂಟು, ತಾಮ್ರದ ತಂಬಿಗೆ ಹಿಡಿದುಕೊಂಡು. ಎಲ್ಲರಿಗೂ ಕಣ್ಣು ತೋರಿಸಬೇಕಂತೆ.

ಎಗ್ಮೋರಿನ ಡಾಕ್ಟರು ಅವರಲ್ಲಿ ಐದು ಮಂದಿಯ ಕಣ್ಣನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ತೊಂದರೆ ಇಲ್ಲವಲ್ಲ ಎಂದು ಬೆರಗಾದರು. ಅಂದು ಸಂಜೆ ಎಲ್ಲರೂ ಫಲಾಹಾರ ಮುಗಿಸಿ, ಕೈಕಾಲು ತೊಳೆದು, ಜಗಲಿಯಲ್ಲಿ ಸಾಲಾಗಿ ಕೂತರು. ಎಲ್ಲರಿಗಿಂತ ಹಿರಿಯರಾದ, ಕಿವಿ ಮಂದವಾದ ಅಮ್ಮಣ್ಣಿಯಮ್ಮ ಚಂದ್ರಮತಿಯನ್ನು ಹತ್ತಿರ ಕರೆದು ಪಿಸುಗುಟ್ಟಿದರು. ಅದು ಪೇಪರು ಓದುತ್ತಿದ್ದ ವಿಷ್ಣುಮೂರ್ತಿಗೆ ಮಾತ್ರವಲ್ಲ, ಎದುರು ಮನೆಗೂ ಕೇಳಿಸಿತು.

"ಮಗಾ, ಬೀಡಿ ಸೇದುವ ರಾಕ್ಷಸ ಇರುವ ದೇವಸ್ಥಾನ ಯಾವುದು? ಮೊದಲು ಅಲ್ಲಿಗೆ ಹೋಗುವ."

ವಿಷ್ಣುಮೂರ್ತಿ ಪೇಪರನ್ನು ಇನ್ನಷ್ಟು ಮೇಲೆ ಹಿಡಿದ. ಅದರ ಹಿಂದೆ ಅವನ ಭುಜ ಅಲುಗುತ್ತಿತ್ತು. ಚಂದ್ರಮತಿ ಸೆರಗು ಸಿಕ್ಕಿಸಿಕೊಂಡು, ಎಂಟು ತಲೆಗಳನ್ನು ಎಣಿಸಿ, ವಡಪಳನಿಯ ಬಸ್ಸು ಹಿಡಿಯಲು ಮುಂದೆ ನಡೆದಳು.