ಉಸಿರಾಡಲು ಬಿಡದ ಕೋಚ್

ಹೋದ ವಾರ ಶಿಕಾಗೋ ಪಕ್ಕದ ಸ್ಕೋಕಿಯ ಔಷಧಿ ಅಂಗಡಿಯಲ್ಲಿ ಯಾರೋ ನೋವಿನ ಮುಲಾಮಿನ ಮುಚ್ಚಳ ತೆಗೆದು ಮೂಸಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಡೆಟ್ರಾಯಿಟ್ ಕಡೆಯ ಹೈಸ್ಕೂಲೊಂದರ ಫುಟ್‌ಬಾಲ್ ಕೋಚ್ ಕಣ್ಣ ಮುಂದೆ ನಿಂತ. ಏಕವಚನ ಬಾಯಿ ತಪ್ಪಿ ಬಂದದ್ದಲ್ಲ. ಆ ಮನುಷ್ಯನಿಗೆ ನಾನು ಕೊಡಬಲ್ಲ ಮರ್ಯಾದೆ ಅಷ್ಟೇ.

ರಿಸೆಷನ್ನಿನ ಕಾಲ. ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿದ್ದ ನನ್ನ ಗಂಡನ ಕೆಲಸ ಹೋಗಿತ್ತು. ಫಿಸಿಯೋಥೆರಪಿಸ್ಟ್ ಆಗಿದ್ದ ನನಗೆ ಆ ಶಾಲೆಯಲ್ಲಿ ಆಟಗಾರರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮನೆಮಂದಿಯ ಆರೋಗ್ಯದ ಇನ್ಶೂರೆನ್ಸ್ ಅದರ ಮೇಲೆಯೇ ನಿಂತಿತ್ತು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಸಲ ಚೆಂಡು ಆಡಿದ ಮೇಲೂ ಹುಡುಗರು ಗುಂಪುಗೂಡಿ, ಮುಂದಿನ ಹೂಟ ಮಾತಾಡಿಕೊಂಡು, ಚೂರು ದಣಿವಾರಿಸಿಕೊಳ್ಳುತ್ತಾರೆ. ಈ ಕೋಚ್ ಅದನ್ನೇ ಕಿತ್ತುಹಾಕಿದ. ಮೈದಾನದ ಅಂಚಿನಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ, ಮುಂದಿನ ಹೂಟ ಯಾವುದೆಂದು ಬಣ್ಣದ ಹಲಗೆ ಎತ್ತಿ ತೋರಿಸುತ್ತಿದ್ದ. ಹುಡುಗರು ಬಿದ್ದಲ್ಲಿಂದಲೇ ಎದ್ದು ಓಡಬೇಕು. ಎದುರು ತಂಡ ಸುಸ್ತಾಗಿ ಸೋಲುತ್ತಿತ್ತು. ಪತ್ರಿಕೆಯವರು ಮೇಧಾವಿ ಎಂದು ಬರೆದರು. ಅವನ ಹುಡುಗರು ನನ್ನ ಕೋಣೆಗೆ ಬಂದು ವಾಂತಿ ಮಾಡಿಕೊಳ್ಳುತ್ತಿದ್ದದ್ದನ್ನು ಯಾರೂ ಬರೆಯಲಿಲ್ಲ.

ಅವರಲ್ಲೊಬ್ಬನಿಗೆ ಹದಿನೇಳು ವರ್ಷ. ಅಪ್ಪನ ಫ್ಯಾಕ್ಟರಿ ಮುಚ್ಚಿತ್ತು. ಅಭ್ಯಾಸದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ, ಇವತ್ತು ಯಾವ ವಾರ ಎಂದು ಕೇಳಿದರೆ ಸುಮ್ಮನೆ ನಕ್ಕ. ಪೆಟ್ಟಾದವರು ಮತ್ತೆ ಆಡಬೇಕಾದರೆ ನನ್ನ ಸಹಿ ಬೇಕಿತ್ತು. ಶುಕ್ರವಾರದ ಪಂದ್ಯಕ್ಕೆ ಇವನು ಬೇಡ ಎಂದು ಕೋಚ್‌ಗೆ ಹೇಳಿದೆ.

"ಅವನನ್ನ ನೋಡೋಕೆ ಕಾಲೇಜಿನವರು ಬರ್ತಿದ್ದಾರೆ. ಸ್ಕಾಲರ್‌ಶಿಪ್ ತಪ್ಪಿದ್ರೆ ಅವರಪ್ಪನಿಗೆ ನೀನು ಹೇಳ್ತೀಯಾ?" ಎಂದ. ಆಮೇಲೆ ಮೆತ್ತಗೆ, "ನಿನ್ನ ಗಂಡನಿಗೂ ಕೆಲಸ ಇಲ್ಲ, ಅಲ್ವಾ?"

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, "ಸೈನ್ ಮಾಡಿ ಕೊಟ್ಬಿಡು ಕಣೇ, ಏನೂ ಆಗಲ್ಲ" ಎಂದರು.

ಆಡಬಹುದು ಎಂದು ಸಹಿ ಹಾಕಿ ಕೊಟ್ಟೆ...

ಪಂದ್ಯದ ದ್ವಿತೀಯಾರ್ಧದಲ್ಲಿ ಹುಡುಗ ಬಿದ್ದ. ಕೋಚ್ ಮುಂದಿನ ಹಲಗೆ ಎತ್ತಿದ. ಹುಡುಗ ಏಳಲಿಲ್ಲ. ಜೀವ ಉಳಿಯಿತು, ನಡೆಯುವುದನ್ನು, ಮಾತಾಡುವುದನ್ನು ಮೊದಲಿಂದ ಕಲಿಯಬೇಕಾಯಿತು. ವಿಚಾರಣೆಯಲ್ಲಿ ಕೋಚ್ ನನ್ನ ಸಹಿ ತೋರಿಸಿ ಕೈತೊಳೆದುಕೊಂಡ. ನನ್ನ ಕೆಲಸ ಹೋಯಿತು. ಅವನನ್ನು ಮರುವರ್ಷವೇ ಶಿಕಾಗೋ ಕಡೆಯ ಕಾಲೇಜೊಂದು ಕರೆದು ಕೂರಿಸಿಕೊಂಡಿತು. ಕೆಲಸ ಹುಡುಕುತ್ತ ನಾವೂ ಇತ್ತಲೇ ಬಂದೆವು. ಟಿವಿಯಲ್ಲಿ ಅವನ ಮುಖ ಬಂದರೆ ಎದ್ದು ಹೋಗುತ್ತಿದ್ದೆ.

ನಿನ್ನೆ ಆ ಹಳೆಯ ಶಾಲೆಯಿಂದ ಫೋನ್ ಬಂತು. ಕೋಚ್ ತೀರಿಕೊಂಡನಂತೆ. ಮೈದಾನಕ್ಕೆ ಅವನ ಹೆಸರಿಡುತ್ತಾರಂತೆ, ಜೊತೆಗೆ ದುಡಿದವರು ಎರಡು ಒಳ್ಳೆಯ ಮಾತು ಹೇಳಬೇಕಂತೆ. ನಾನು ಆ ಹುಡುಗನ ಹೆಸರು ಹೇಳಿದೆ.

"ಅವರು ಯಾರು ಮೇಡಂ?" ಎಂದಳು ಆಚೆಯ ಹುಡುಗಿ.

ಆಡಲಿ ಎಂದು ನಾನು ಸಹಿ ಹಾಕಿದವನು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೂ ಬರೆದುಕೊಂಡಳು.