ಹುಣಸೆಯಲ್ಲಿ ಸಿಕ್ಕ ಶೇಂಗಾ

ವಿಜಯನಗರ ಹೊಸ ಜಿಲ್ಲೆಯಾದ ಮರುವರ್ಷ ನಾನು ಕೂಡ್ಲಿಗಿಯಲ್ಲಿ ರಫ್ತು ಸಹಾಯ ಕೇಂದ್ರದ ಅಧಿಕಾರಿಯಾಗಿದ್ದೆ. ಅಧಿಕಾರಿ ಎಂದರೆ ಒಂದು ಮೇಜು, ಒಂದು ಕಂಪ್ಯೂಟರ್, ಮನಸ್ಸು ಬಂದಾಗ ನಡೆಯುವ ಒಂದು ಸ್ಕ್ಯಾನರ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕು ನನ್ನೊಬ್ಬಳ ಪಾಲಿಗೆ. ಹೊರದೇಶಕ್ಕೆ ಮಾಲು ಕಳಿಸಬೇಕೆನ್ನುವವರಿಗೆ ದಾರಿ ತೋರಿಸುವುದು ನನ್ನ ಕೆಲಸ. ಐಇಸಿ ಎಂಬ ರಫ್ತುದಾರರ ನಂಬರ್ ಮಾಡಿಸಬೇಕು. ಸರಕಿಗೆ ಎಚ್‌ಎಸ್ ಕೋಡ್ ಹುಡುಕಬೇಕು. ಯಾವ ಬಂದರಿಗೆ ಹೋದರೂ ಆ ಸರಕನ್ನು ಗುರುತಿಸುವುದು ಆ ಅಂಕಿಯಿಂದಲೇ. ಆಮೇಲೆ ಆಹಾರ ಲೈಸೆನ್ಸು, ಲ್ಯಾಬ್ ರಿಪೋರ್ಟು. ಹಡಗಲಿಯ ಮಲ್ಲಿಗೆ ಬೆಳೆಯುವವರು ಬಂದಿದ್ದರು, ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಗಳು ಬಂದಿದ್ದರು. ಬೇಕಾಗುವ ಕಾಗದಗಳ ಪಟ್ಟಿ ಕೈಗೆ ಕೊಟ್ಟರೆ ಮಡಚಿ ಜೇಬಿಗಿಟ್ಟುಕೊಂಡು ಹೋದವರು ತಿರುಗಿ ಬರುತ್ತಿರಲಿಲ್ಲ.

ತಿರುಗಿ ಬಂದವಳು ಗುಡೇಕೋಟೆಯ ಹನುಮಕ್ಕ. ಹುಣಸೆಹಣ್ಣು ಬಿಡಿಸುವ ಹನ್ನೊಂದು ಹೆಂಗಸರ ಗುಂಪಿಗೆ ಅವಳೇ ಮುಂದಾಳು.

"ಮೇಡಂ, ನಾವು ಬಿಡಿಸಿದ ಹಣ್ಣು ಯಾರ್‍ಯಾರದೋ ಹೆಸರಾಗ ಹಡಗು ಹತ್ತತೈತಂತ. ಇನ್ನ ಮ್ಯಾಲೆ ನಮ್ಮ ಹೆಸರಾಗ ಹತ್ತಲಿ" ಅಂದಳು.

ಹಾಗೆ ಹೇಳಲು ಬರುವ ಮೊದಲೇ, ಪ್ರತಿ ವರ್ಷ ಕೆಲಸ ಕೊಡುತ್ತಿದ್ದ ವ್ಯಾಪಾರಿಗೆ ಈ ಸುಗ್ಗಿಗೆ ನಿಮ್ಮ ಕೆಲಸ ಬೇಡವೆಂದು ಹೇಳಿಬಿಟ್ಟಿದ್ದಳು. ಆತ ಬೇರೆ ಊರಿನ ಹೆಂಗಸರನ್ನು ಹಚ್ಚಿಕೊಂಡಿದ್ದ. ನಮ್ಮ ಪ್ರಯತ್ನ ಕೈಗೂಡದಿದ್ದರೆ ಆ ಸುಗ್ಗಿಯಲ್ಲಿ ಹನ್ನೊಂದು ಮನೆಗೂ ಕೆಲಸವಿಲ್ಲ.

ಇಂಗ್ಲೆಂಡಿನಲ್ಲಿ ಹೋಟೆಲುಗಳಿಗೆ ಮಸಾಲೆ ಸಾಮಾನು ಒದಗಿಸುವ ಒಬ್ಬ ಖರೀದಿದಾರ ಸಿಕ್ಕ. ಹನ್ನೆರಡು ಪುಟದ ಪ್ರಶ್ನಾವಳಿ ಕಳಿಸಿದ. ಹಣ್ಣು ಎಲ್ಲಿ ಒಣಗುತ್ತದೆ, ಯಾರು ಮುಟ್ಟುತ್ತಾರೆ, ಕೆಲಸದಲ್ಲಿ ಹಣ್ಣಿಗೆ ಬೇರೇನಾದರೂ ತಾಗುತ್ತದೆಯೇ, ಹೀಗೆ. ನಮ್ಮಪ್ಪ ಕೊಟ್ಟೂರಿನ ಮಂಡಿಯಲ್ಲಿ ಹಮಾಲಿ. ರೇಷನ್ ಕಾರ್ಡಿನ ಫಾರಂ ತುಂಬಿಸಿಕೊಳ್ಳಲು ಅವರಿವರ ಕಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಎಂಥ ಫಾರಂ ಆದರೂ ಯಾರನ್ನೂ ಕೇಳದೆ ತುಂಬುತ್ತೇನೆಂಬುದು ನನಗೆ ದೊಡ್ಡ ಹೆಮ್ಮೆ. ಆ ಹನ್ನೆರಡು ಪುಟವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. "ಬೇರೇನಾದರೂ ತಾಗುತ್ತದೆಯೇ" ಎಂಬಲ್ಲಿ "ಇಲ್ಲ" ಎಂದು ಬರೆದೆ. ಇಷ್ಟು ಅಚ್ಚುಕಟ್ಟಾದ ಉತ್ತರ ಅಪರೂಪ ಎಂದು ಖರೀದಿದಾರ ಮೇಲ್ ಮಾಡಿದ. ಎರಡು ದಿನ ಅದನ್ನು ತೆಗೆತೆಗೆದು ಓದಿಕೊಂಡೆ.

ಎರಡು ಕಿಲೋ ಸ್ಯಾಂಪಲ್ ಹೋಯಿತು. ಅವರ ಲ್ಯಾಬಿನಿಂದ ರಿಪೋರ್ಟ್ ಬಂತು: ಹುಣಸೆಯಲ್ಲಿ ಶೇಂಗಾದ ಅಂಶವಿದೆ. ಕೆಲವರ ಮೈಗೆ ಶೇಂಗಾ ಒಗ್ಗುವುದಿಲ್ಲ. ಕಣದಷ್ಟು ಹೊಟ್ಟೆಗೆ ಹೋದರೂ ಉಸಿರು ಕಟ್ಟಬಹುದು. ಇಂಥವಕ್ಕೆ ಅಲರ್ಜನ್ ಎನ್ನುತ್ತಾರೆ. ಇಂಗ್ಲೆಂಡಿನ ಕಾನೂನಿನ ಪಟ್ಟಿಯಲ್ಲಿ ಅಂಥವು ಹದಿನಾಲ್ಕಿವೆ, ಶೇಂಗಾ ಅದರಲ್ಲೊಂದು. ಒಂದು ತಿಂಗಳೊಳಗೆ ಶುದ್ಧ ಸ್ಯಾಂಪಲ್ ಬರಬೇಕು, ಇಲ್ಲವಾದರೆ ಬೇರೆಡೆ ನೋಡಿಕೊಳ್ಳುತ್ತೇನೆ ಎಂದ ಖರೀದಿದಾರ.

ನನಗೆ ಅಂಜಿಕೆಗಿಂತ ಸೋಜಿಗವೇ ಹೆಚ್ಚಾಯಿತು. ಹುಣಸೆ ಮರದ ಮೇಲಿನದು, ಶೇಂಗಾ ನೆಲದೊಳಗಿನದು. ಎರಡೂ ಎಲ್ಲಿ ಕೂಡಿದವು? ಕುಳಿತಲ್ಲೇ ಯೋಚಿಸಿ, ಚೀಲದ್ದೇ ತಪ್ಪು ಎಂದು ತೀರ್ಮಾನಿಸಿದೆ. ನಮ್ಮ ಕಡೆ ಗೋಣಿಚೀಲ ಒಮ್ಮೆಯಾದರೂ ಶೇಂಗಾ ಹೊರದೇ ಇರುವುದಿಲ್ಲ. ಹನುಮಕ್ಕನಿಗೆ ಫೋನಿನಲ್ಲಿ, "ಸ್ಯಾಂಪಲ್ ಪಾಸಾಗಿಲ್ಲ, ಹೊಸ ಚೀಲ ತಂದು ಇನ್ನೊಮ್ಮೆ ಚೊಕ್ಕ ಮಾಡಿ ಕೊಡ್ರಿ" ಎಂದಷ್ಟೇ ಹೇಳಿದೆ. ಅಲರ್ಜನ್ ಅದೂ ಇದೂ ಹೇಳಿ ಅವಳನ್ನೇಕೆ ಗಾಬರಿ ಮಾಡಲಿ ಎಂದುಕೊಂಡೆ.

ಈ ಸಲ ಇಂಗ್ಲೆಂಡಿಗೆ ಕಳಿಸುವ ಮೊದಲು ಬೆಂಗಳೂರಿನ ಲ್ಯಾಬಿಗೆ ಕೊಟ್ಟೆ. ಶೇಂಗಾ ಇತ್ತು. ಅಷ್ಟೇ ಅಲ್ಲ, ಮೊದಲಿಗಿಂತ ಹೆಚ್ಚಿತ್ತು.

ತಿಂಗಳಲ್ಲಿ ಉಳಿದಿದ್ದು ಹತ್ತು ದಿನ. ಬೆಳಗಿನ ಬಸ್ಸಿಗೆ ಗುಡೇಕೋಟೆಗೆ ಹೋಗಿ ಹಣ್ಣು ಬಿಡಿಸುವ ಶೆಡ್ಡಿನಲ್ಲಿ ಕೂತೆ. ಚೀಲ ಹೊಸದು. ನೆಲ ಚೊಕ್ಕ. ಸಿಪ್ಪೆ ತೆಗೆದರು, ನಾರು ಎಳೆದರು. ಇನ್ನು ಬೀಜ ಬಿಡಿಸಬೇಕು ಎನ್ನುವಾಗ ಬಸವ್ವ ಎಂಬ ಹಿರಿಯಳು ಒಂದು ಸ್ಟೀಲ್ ಬಟ್ಟಲು ಮುಂದಿಟ್ಟಳು. ಎಲ್ಲರೂ ಅದರಲ್ಲಿ ಬೆರಳು ಅದ್ದಿ ಅಂಗೈಗೆ ಸವರಿಕೊಂಡರು.

"ಏನ್ರಿ ಅದು?"

"ಎಣ್ಣಿ. ಹಚ್ಚಲಾರದ ಕುಂತ್ರ ಹಣ್ಣು ಕೈ ಬಿಡತೈತೇನ್ರಿ? ಅಂಟು!"

"ಯಾವ ಎಣ್ಣಿ?"

"ಶೇಂಗಾ ಎಣ್ಣಿ. ಗಾಣದ್ದು" ಎಂದಳು ಬಸವ್ವ. "ವ್ಯಾಪಾರಿ ಮಾಲಿಗೆ ಪ್ಯಾಕೆಟ್ ಎಣ್ಣಿ ಹಚ್ಚತಿದ್ವಿ. ಪರದೇಶಕ್ಕ ಹೋಗೋದಕ್ಕ ಅದನ್ನ ಹಚ್ಚಾಕ ಬರತೈತೇನ್ರಿ? ಒಂದ ಸಲ ಪಾಸಾಗಲಿಲ್ಲ ಅಂದ್ರಲ್ಲ, ಅದಕ್ಕ ಎರಡನೇ ಸಲಕ್ಕ ಇನ್ನೊಂಚೂರು ಜಾಸ್ತೀನ ಹಚ್ಚಿದ್ವಿ."

ಪ್ಯಾಕೆಟ್ಟಿನದು ಸಂಸ್ಕರಿಸಿದ ತಾಳೆ ಎಣ್ಣೆ, ಅದರಲ್ಲಿ ಶೇಂಗಾದ ಸುಳಿವೂ ಇಲ್ಲ. ಗೌರವಕ್ಕೆಂದು ಹಚ್ಚಿದ ಗಾಣದೆಣ್ಣೆಯಲ್ಲಿ ಕಾಳಿನ ಅಂಶ ಹಾಗೇ ಉಳಿದಿರುತ್ತದೆ. ಇದ್ದದ್ದನ್ನೆಲ್ಲ ಬಿಡಿಸಿ ಹೇಳಿದೆ.

ಹನುಮಕ್ಕ ಹಣೆ ಬಡಿದುಕೊಂಡಳು. "ಶೇಂಗಾ ಅಂತ ಅವತ್ತ ಹೇಳಿದ್ರ ಅವತ್ತ ಮುಗೀತಿತ್ತಲ್ರಿ ಮೇಡಂ! ಚೀಲ, ಚೀಲ ಅಂದ್ರಿ."

"ಹಂಗಾದ್ರ ಎಳ್ಳೆಣ್ಣಿ ತರ್‍ಸೋಣೇನ್ರಿ? ಅದೂ ಛಲೋನ" ಎಂದಳು ಬಸವ್ವ.

"ಎಳ್ಳೂ ಆ ಪಟ್ಟಿಯೊಳಗ ಐತ್ರಿ."

"ಅಯ್ಯ ಶಿವನ! ಮತ್ತ ಏನು ತಿಂದು ಬದುಕ್ಯಾರ ಆ ಮಂದಿ?"

ಶೆಡ್ಡೆಲ್ಲ ನಗೆ. ನಾನು ಚೀಲದಿಂದ ಹನ್ನೆರಡು ಪುಟ ತೆಗೆದೆ. ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಓದಿದೆ, ಅವರು ಹೇಳಿದ್ದನ್ನು ಬರೆದುಕೊಂಡೆ. ಸಂಜೆಯ ತನಕ ಹಿಡಿಯಿತು. ಬುತ್ತಿಯ ರೊಟ್ಟಿಯ ಜೊತೆ ಶೇಂಗಾ ಚಟ್ನಿ ಇರುತ್ತದೆ, ಉಂಡ ಮೇಲೆ ಬರೀ ನೀರಲ್ಲಿ ಕೈ ತೊಳೆಯುತ್ತಾರೆ ಎಂಬುದೂ ಆಗಲೇ ಹೊರಬಿತ್ತು. ಕೈಗೆ ಸೂರ್ಯಕಾಂತಿ ಎಣ್ಣೆ, ಊಟ ಶೆಡ್ಡಿನ ಹೊರಗೆ, ಒಳಗೆ ಬರುವ ಮುನ್ನ ಸೋಪು ಎಂದು ಅವರೇ ಗೊತ್ತುಮಾಡಿಕೊಂಡರು.

ಉಳಿದದ್ದು ನನ್ನ ಕೆಲಸ. ನಾನು ಕೊಟ್ಟ ಉತ್ತರಗಳು ತಪ್ಪಾಗಿದ್ದವು ಎಂದು ಖರೀದಿದಾರನಿಗೆ ಬರೆಯಬೇಕಿತ್ತು. ಸುಮ್ಮನೆ ಹೊಸ ಸ್ಯಾಂಪಲ್ ಕಳಿಸಿಬಿಟ್ಟರೆ ಹೇಗೆ ಎಂದು ಒಂದು ಗಳಿಗೆ ಅನಿಸಿದ್ದೂ ಸುಳ್ಳಲ್ಲ. ಹನುಮಕ್ಕನ ಮುಂದೆ ಆಡಿಯೂಬಿಟ್ಟೆ.

"ಖರೇ ಬರದ್ರ ಆರ್ಡರ್ ಹೋದೀತು ಅಂತ ಅಂಜಿಕಿ ನಮಗ ಇರಬೇಕ್ರಿ, ನಿಮಗಲ್ಲ" ಎಂದಳು. "ನಮಗ ಅದು ಇಲ್ಲ. ಬರೀರಿ."

ಎಣ್ಣೆ, ಚಟ್ನಿ, ಸೋಪು, ಒಂದನ್ನೂ ಬಿಡದೆ ಬರೆದೆ. ಹೊಸ ಸ್ಯಾಂಪಲ್ ಗಡುವಿನೊಳಗೇ ಮುಟ್ಟಿತು, ಅವರ ಲ್ಯಾಬಿಗೆ ಶೇಂಗಾ ಸಿಗಲಿಲ್ಲ. ಈ ಸಲ ಖರೀದಿದಾರನ ಮೇಲ್‌ನಲ್ಲಿ ಹೊಗಳಿಕೆ ಇರಲಿಲ್ಲ, ಆರ್ಡರ್ ಇತ್ತು. ಸುಗ್ಗಿ ಮುಗಿಯುವುದರೊಳಗೆ ಗುಂಪಿನ ಹೆಸರು, ಊರಿನ ಹೆಸರು ಅಚ್ಚಾದ ಪೆಟ್ಟಿಗೆಗಳು ಗುಡೇಕೋಟೆಯಿಂದ ಲಾರಿ ಹತ್ತಿದವು.

ಅಂದಿನಿಂದ ಯಾವ ಪ್ರಶ್ನಾವಳಿಯನ್ನೂ ನಾನು ಆಫೀಸಿನಲ್ಲಿ ತುಂಬಿಲ್ಲ. ಕೆಲಸ ನಡೆಯುವಲ್ಲಿಗೆ ಹೋಗಿ ಜೋರಾಗಿ ಓದುತ್ತೇನೆ. ಆ ಹನ್ನೆರಡು ಪುಟಗಳಲ್ಲಿ ಒಂದು ಪ್ರಶ್ನೆಯೂ ನನ್ನನ್ನು ಕೇಳಿದ್ದಾಗಿರಲಿಲ್ಲ. ಎಲ್ಲವೂ ಆ ಹನ್ನೊಂದು ಹೆಂಗಸರನ್ನು ಕೇಳಿದ್ದವು. ಇಂಗ್ಲಿಷ್ ಬರುತ್ತದೆಂದು ನಡುವೆ ಕೂತು ನಾನು ಉತ್ತರ ಕೊಟ್ಟುಬಿಟ್ಟಿದ್ದೆ.