ಫಾತಿಮಕ್ಕನ ಬಲಗೈ ನೆರಳು

ಫಾತಿಮಕ್ಕ ನೆರಳಿನ ಜೊತೆ ಜಗಳ ಆಡೋಳು. ಹುಣಸೂರಿನ ನಮ್ಮ ಬೀದೀಲಿ ಅವಳದು ಎದುರುಮನೆ, ರವಿಕೆ ಹೊಲಿಯೋ ಕಸುಬು. ಬೆಳಗ್ಗೆ ಬಾಗಿಲ ಹತ್ರ ಬಟ್ಟೆ ಹಾಸೋಳು, ಬಿಸಿಲು ತಿರುಗಿದಂಗೆ ಕಿಟಕಿ ಹತ್ರ ಎಳಕೊಂಡು ಹೋಗೋಳು. ನಾನು ಕಾಫಿ ಲೋಟ ಹಿಡಿದು ಹೋದರೆ, "ಅತ್ಲಾಗೆ ನಿಂತ್ಕೊಳೆ ಗೌರಿ. ಗೆರೆ ಮೇಲೆ ನೆರಳು ಬಿದ್ರೆ ಕತ್ತರಿ ದಾರಿ ತಪ್ತದೆ. ಆಮೇಲೆ ನಿನ್ನ ಆ ತೋಳಿಗೆ ಬಟ್ಟೆ ಸಾಲ್ಲಿಲ್ಲ ಅಂತ ನನ್ನ ಬೈಬ್ಯಾಡ" ಅನ್ನೋಳು. ನನ್ನ ಹೆಣ್ಣುಮಕ್ಕಳ ಮದುವೆ ರವಿಕೆಯೆಲ್ಲ ಅವಳ ಕೈಯವೇ.

ಅಂಥವಳಿಗೆ ಲಕ್ವ ಹೊಡೀತು. ಬಲಗೈ ಮಡಿಲಲ್ಲಿ ಬಿದ್ದಿರೋದು, ಬೆರಳು ಒಂಚೂರು ಏಳೋದು, ಅಷ್ಟೇ. ವ್ಯಾಯಾಮ ಮಾಡಕ್ಕಾ ಅಂದರೆ, "ಸತ್ತೋದ ಕೈಗೆ ಕವಾಯತು ಯಾಕೆ, ಬುಡು" ಅಂತ ಮುಖ ತಿರುಗಿಸೋಳು. ಆ ಕೈ ಇನ್ನು ಯಾತಕ್ಕೂ ಬರಲ್ಲ ಅಂತ ಅವಳು ಒಪ್ಪಿಕೊಂಡುಬಿಟ್ಟಳಲ್ಲ, ನನಗೆ ಅದೇ ಸಂಕಟ.

ನನ್ನ ಮೊಮ್ಮಗಳು ಸಿಂಚನ ಎಂಜಿನಿಯರಿಂಗ್ ಓದ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಅವಳ ವಿಷಯ ಹೇಳಕ್ಕೆ ನಂಗೆ ಒಂದು ಬಾಯಿ ಸಾಲದು. ಒಂದು ಭಾನುವಾರ ಕಾಲೇಜಲ್ಲಿ ಮಾಡಿದ ಬಿಳೀ ಮೇಜು ತಂದು ಫಾತಿಮಕ್ಕನ ಮುಂದೆ ಇಟ್ಟಳು. ಮೇಲೆ ಕಟ್ಟಿದ ಒಂದು ಡಬ್ಬಿಯಿಂದ ಮೇಜಿನ ಮೇಲೆ ಬೆಳಕಿನ ಚಿತ್ರ ಬೀಳ್ತದೆ, ಕೂತವರ ಹಿಂದೆ ದೀಪ. ಮುಟ್ಟಬೇಕಿಲ್ಲ, ಬೆರಳು ಚೂರು ಎತ್ತಿದರೆ ನೆರಳು ಆ ತುದಿಗೂ ಹೋಗ್ತದೆ, ನೆರಳು ಎಳೆದ ಕಡೆ ಚಿತ್ರ ಜರುಗ್ತದೆ. ಫಾತಿಮಕ್ಕನಿಗೋಸ್ಕರ ಸಿಂಚನ ರವಿಕೆ ತುಂಡುಗಳ ಚಿತ್ರ ಹಾಕಿದ್ದಳು.

ಬಟ್ಟೆ ಕಂಡಿದ್ದೇ ತಡ, ಫಾತಿಮಕ್ಕ ಮೈ ವಾಲಿಸಿ ನೆರಳನ್ನ ಆಚೆ ತೆಗೆದಳು.

"ದೀಪ ಈ ಕಡೆ ಮಡಗು ಮಗ, ಬಟ್ಟೆ ಮೇಲೆ ನೆರಳು ಬೀಳ್ತಾ ಅದೆ."

"ಬೀಳ್ಲಿ ಬುಡಜ್ಜಿ. ಇಲ್ಲಿ ನೆರಳೇ ಕೈ."

"ಜೀವಮಾನ ಎಲ್ಲ ನೆರಳು ಓಡ್ಸಿದೀನಿ. ಈಗ ಕರುದ್ರೆ ಬತ್ತದಾ?"

ಬಂತು. ನಡುಗುತ್ತಾ ಬೆರಳು ಎದ್ದಿತು. ನೆರಳು ಹೋಗಿ ತೋಳಿನ ತುಂಡಿನ ಮೇಲೆ ಕೂತಿತು. ತೋಳು ಮೆಲ್ಲಗೆ ಜರುಗಿ ಹೆಗಲಿಗೆ ಸೇರಿತು. ನನಗೆ ಕಣ್ಣೀರು ನಿಲ್ಲಲಿಲ್ಲ.

"ಅತ್ಲಾಗೋಗಿ ಅಳ್ಕೊಳೆ, ಬಟ್ಟೆ ಕಲೆ ಆಯ್ತದೆ" ಅಂದಳು ಫಾತಿಮಕ್ಕ. ಆಮೇಲೆ ಒರಗಿಕೊಂಡು, "ಇನ್ನೊಂದು ತೋಳು ಮುಂದಿನ ಭಾನುವಾರ. ಕೈ ದಣೀತು ಕಣೆ" ಅಂದಳು.

ಸತ್ತೋದ ಕೈ ಅಂತಿದ್ದವಳು ದಣೀತು ಅಂದಳು. ಮನೆಗೆ ಬಂದು ಪಾಯಸ ಮಾಡಿ ಬೀದಿಗೆಲ್ಲ ಹಂಚಿದೆ.

ಶುಕ್ರವಾರ ಬೆಳಗ್ಗೆ ಎದುರುಮನೇಲಿ ಅಳು ಕೇಳಿಸಿತು. ಓಡಿದೆ. ಫಾತಿಮಕ್ಕ ನಿದ್ದೇಲೇ ಹೋಗಿಬಿಟ್ಟಿದ್ದಳು. ಅವಳ ಸೊಸೆ ನನ್ನ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋಗಿ, ಹೊಲಿಗೆ ಮಿಷಿನ್ನು ತೋರಿಸಿದಳು.

"ನೆನ್ನೆ ಸಂಜೆ ಅತ್ತೆ ನನ್ನ ಕೈಲಿ ಇದಕ್ಕೆ ಎಣ್ಣೆ ಬಿಡ್ಸುದ್ರು, ಗೌರಮ್ಮಾರೇ."